ವೈದ್ಯವಿದ್ಯಾಲಯದ ಬಾಗಿಲು ಯಾರಿಗೆ ತೆರೆಯುವುದು?

(ಆನವಟ್ಟಿಯಲ್ಲಿ ಕೂಡಿದ್ದ ಉಪಾಧ್ಯಾಯರ ಮತ್ತು ಪುರಜನರ ಮುಂದೆ ಒಬ್ಬ ವಕೀಲರು ಮಾಡಿದ ಭಾಷಣ)



ನಮ್ಮ ಸೊರಬ ತಾಲ್ಲೂಕಿನ ಒಂದು ಕಾಡಿನ ಹೆಸರು ಲೋಕದ ವೈದ್ಯಗ್ರಂಥಗಳಲ್ಲೆಲ್ಲ ಅಚ್ಚಾಗಿರುವುದು. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಅವುಗಳ ಹಿಂದೆಯೇ ಕಾಡಿಗೆ ಸೌದೆಗೂ ಸೊಪ್ಪಿಗೂ ಹೋದ ಜನರು ಜ್ವರ ಹತ್ತಿ ಮಲಗಿದರು. ಉಣ್ಣೆಯ ಕಡಿತದಿಂದ ಹರಡುವ ಆ ಬೇನೆಗೆ ಶಾಸ್ತ್ರಜ್ಞರು ಕ್ಯಾಸನೂರು ಕಾಡಿನ ಕಾಯಿಲೆಯೆಂದೇ ಹೆಸರಿಟ್ಟರು. ನಾವು ಅದನ್ನು ಮಂಗನ ಕಾಯಿಲೆ ಎನ್ನುತ್ತೇವೆ. ಲೋಕಕ್ಕೆ ಒಂದು ರೋಗದ ಹೆಸರನ್ನು ಕೊಟ್ಟ ಈ ಸೀಮೆಯು ತನ್ನ ಮಕ್ಕಳಲ್ಲಿ ಎಷ್ಟು ಮಂದಿ ವೈದ್ಯರನ್ನು ಕೊಟ್ಟಿತು? ಕಡಮೆಯಾಗಿದ್ದರೆ ಯಾತಕ್ಕೆ ಕಡಮೆಯಾಯಿತು? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ವೈದ್ಯಕಾಲೇಜಿನ ಬಾಗಿಲಿಗೆ ಬಂದು ನಿಲ್ಲಬೇಕಾಗುವುದು. ಆ ಬಾಗಿಲಲ್ಲಿ ಕುಳಿತು ಇವನು ಒಳಗೆ, ಅವನು ಹೊರಗೆ ಎಂದು ನಿರ್ಣಯಿಸುವವರು ಯಾರು, ಯಾವ ತಕ್ಕಡಿಯಿಂದ ತೂಗುತ್ತಾರೆ ಎಂಬುದೇ ಇಂದಿನ ನನ್ನ ವಿಷಯ.

ಮೊದಲು ಹಳೆಯ ಕಾಲವನ್ನು ಸ್ವಲ್ಪ ನೆನೆಯೋಣ. 1956ಕ್ಕೆ ಮುಂಚೆ ಆನವಟ್ಟಿಯ ಹುಡುಗನು ಮೈಸೂರು ಸಂಸ್ಥಾನದ ಪ್ರಜೆ. ನಾಲ್ಕಾರು ಹರದಾರಿ ಬಡಗಲಿಗಿರುವ ಹಾನಗಲ್ಲಿನ ಹುಡುಗನು ಮುಂಬಯಿ ಇಲಾಖೆಯ ಪ್ರಜೆ. ಇಬ್ಬರ ಮನೆಮಾತೂ ಒಂದೇ, ಇಬ್ಬರ ಹೊಲದ ಬೆಳೆಯೂ ಒಂದೇ, ಎರಡೂರ ನಡುವೆ ಹೆಣ್ಣು ಕೊಟ್ಟು ತರುವ ಬಳಕೆ. ಆದರೆ ಇಬ್ಬರಿಗೂ ವೈದ್ಯನಾಗಬೇಕೆಂಬ ಆಸೆ ಹುಟ್ಟಿದರೆ ಒಬ್ಬನು ಮೈಸೂರಿಗೆ ಮುಖಮಾಡಬೇಕು, ಮತ್ತೊಬ್ಬನು ಮುಂಬಯಿಗೋ ಪುಣೆಗೋ ಹೋಗಬೇಕು. ಮೈಸೂರು ವೈದ್ಯಕಾಲೇಜು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದಿತು. ಮಂಗಳೂರು ಬಳ್ಳಾರಿಗಳ ಕನ್ನಡಿಗನಿಗೆ ಮದರಾಸೇ ಗತಿ. ಕಲಬುರಗಿ ರಾಯಚೂರುಗಳವನಿಗೆ ಹೈದರಾಬಾದಿನ ಉಸ್ಮಾನಿಯಾ. ಅಲ್ಲಿ ವೈದ್ಯಶಾಸ್ತ್ರವನ್ನೂ ಉರ್ದುವಿನಲ್ಲಿ ಕಲಿಸುತ್ತಿದ್ದ ಕಾಲವದು. ಒಂದೇ ನುಡಿಯ ಜನಕ್ಕೆ ನಾಲ್ಕಾರು ಸರಕಾರಗಳು, ನಾಲ್ಕಾರು ಬಾಗಿಲುಗಳು, ಪ್ರತಿಯೊಂದು ಬಾಗಿಲಿಗೂ ಬೇರೆ ಕಾವಲುಗಾರ.

ಮದರಾಸಿನ ಕಾವಲುಗಾರನ ಲೆಕ್ಕ ನ್ಯಾಯಾಲಯದ ದಾಖಲೆಯಲ್ಲಿಯೇ ಉಳಿದಿರುವುದರಿಂದ ಅದನ್ನು ತಮ್ಮ ಮುಂದೆ ಇಡಬಲ್ಲೆ. 1950ರ ಸುಮಾರಿಗೆ ಆ ರಾಜ್ಯದ ವೈದ್ಯಕಾಲೇಜುಗಳಲ್ಲಿ ಒಟ್ಟು 330 ಸ್ಥಾನಗಳು. ಅವುಗಳಲ್ಲಿ 17 ಹೊರರಾಜ್ಯದವರಿಗೆ, 12 ಸರಕಾರದ ವಿವೇಚನೆಗೆ. ಮಿಕ್ಕವನ್ನು ಜಿಲ್ಲೆಗಳ ನಾಲ್ಕು ಗುಂಪುಗಳಿಗೆ ಹಂಚಿ, ಪ್ರತಿ 14 ಸ್ಥಾನಕ್ಕೆ ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಆಂಗ್ಲೋ ಇಂಡಿಯನರಿಗೂ ದೇಶೀಯ ಕ್ರೈಸ್ತರಿಗೂ ಸೇರಿ 1, ಮುಸಲ್ಮಾನರಿಗೆ 1 ಎಂದು ಅಳೆದು ಕೊಡುತ್ತಿದ್ದರು. ಮಂಗಳೂರಿನ ಹುಡುಗನೂ ಬಳ್ಳಾರಿಯ ಹುಡುಗನೂ ಈ ಅಳತೆಗೇ ಒಳಪಟ್ಟವರು. ಚಂಪಕಂ ದೊರೈರಾಜನ್ ಎಂಬ ಮಹಿಳೆ ಇದನ್ನು ಪ್ರಶ್ನಿಸಿದರು. 1951ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ತೊಡೆದುಹಾಕಿತು. ಅದೇ ವರ್ಷ ಪಾರ್ಲಿಮೆಂಟು ಸಂವಿಧಾನಕ್ಕೆ ಮೊದಲನೆಯ ತಿದ್ದುಪಡಿಯನ್ನು ತಂದು, ಹಿಂದುಳಿದವರಿಗಾಗಿ ವಿಶೇಷ ಏರ್ಪಾಡು ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ನಮ್ಮ ಗಣರಾಜ್ಯದ ಮೂಲಶಾಸನವು ಮೊಟ್ಟಮೊದಲು ತಿದ್ದಲ್ಪಟ್ಟುದಕ್ಕೆ ವೈದ್ಯಕಾಲೇಜು ಇಂಜಿನಿಯರಿಂಗ್ ಕಾಲೇಜುಗಳ ಬಾಗಿಲು ಒಂದು ಮುಖ್ಯ ಕಾರಣವಾಯಿತೆಂಬುದನ್ನು ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಹೇಳತಕ್ಕದ್ದು.

ಮೈಸೂರಿನಲ್ಲಿ ಇದೇ ವಿಚಾರ ಇನ್ನೂ ಹಳೆಯದು. 1918ರಲ್ಲಿಯೇ ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಿ, ಸರಕಾರಿ ನೌಕರಿಯಲ್ಲಿ ಹಿಂದುಳಿದವರ ಪಾಲು ಏನಿರಬೇಕೆಂದು ಕೇಳಿದ್ದರು. ಏಕೀಕರಣವಾದ ಮೇಲೆ 1960ರಲ್ಲಿ ನಾಗನಗೌಡ ಸಮಿತಿ ಬಂದಿತು. ಆ ಸಮಿತಿಯು ಹಿಂದುಳಿದಿರುವಿಕೆಯನ್ನು ಅಳೆದ ಬಗೆಯನ್ನು ಉಪಾಧ್ಯಾಯರು ಗಮನಿಸಬೇಕು. ಒಂದೊಂದು ಜಾತಿಯಲ್ಲಿ ಸಾವಿರ ಜನಕ್ಕೆ ಎಷ್ಟು ಮಕ್ಕಳು ಹೈಸ್ಕೂಲಿನ ಕಡೆಯ ಮೂರು ತರಗತಿಗಳಲ್ಲಿ ಓದುತ್ತಿದ್ದಾರೆ ಎಂದು ಎಣಿಸಿದರು. ರಾಜ್ಯದ ಸರಾಸರಿ 6.9. ಸಾವಿರದಲ್ಲಿ ಏಳು ಮಂದಿ ಕೂಡ ಇಲ್ಲ! ಈ ಎಣಿಕೆಯನ್ನು ಆಧರಿಸಿ ಮೈಸೂರು ಸರಕಾರವು 1962ರ ಜುಲೈ 31ರ ಆಜ್ಞೆಯಿಂದ ವೈದ್ಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ನೂರು ಸ್ಥಾನಗಳಲ್ಲಿ 68ನ್ನು ಮೀಸಲಿಟ್ಟಿತು: ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗಳಿಗೆ 15, ಪರಿಶಿಷ್ಟ ಪಂಗಡಗಳಿಗೆ 3. ಎರಡು ತಿಂಗಳೊಳಗೆ, ಬಾಲಾಜಿ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಮಾಡಿತು. ಜಾತಿಯೊಂದನ್ನೇ ಒರೆಗಲ್ಲಾಗಿ ಹಿಡಿಯುವುದು ಸಲ್ಲದು, ಮೀಸಲು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಮೆ ಇರಬೇಕು ಎಂದಿತು. ಇಡೀ ದೇಶದಲ್ಲಿ ಇಂದಿಗೂ ಚರ್ಚೆಯಲ್ಲಿರುವ ಶೇಕಡ ಐವತ್ತರ ಮಿತಿಯು ಹುಟ್ಟಿದ್ದು ನಮ್ಮ ಮೈಸೂರಿನ ವೈದ್ಯಕಾಲೇಜಿನ ಪಟ್ಟಿಯಿಂದ.

ಸರಕಾರ ಸುಮ್ಮನಿರಲಿಲ್ಲ. ಮರುವರ್ಷವೇ ಜಾತಿಯನ್ನು ಬಿಟ್ಟು, ಮನೆಯ ವರಮಾನ ವರ್ಷಕ್ಕೆ 1,200 ರೂಪಾಯಿ ಮೀರದಿರುವುದು ಮತ್ತು ಕಸುಬು ಬೇಸಾಯವೋ ಸಣ್ಣ ವ್ಯಾಪಾರವೋ ಕೈಕೆಲಸವೋ ಆಗಿರುವುದು ಎಂಬ ಹೊಸ ಅಳತೆಯನ್ನು ತಂದಿತು. ಅದರ ಜೊತೆಗೆ ಇನ್ನೊಂದನ್ನೂ ತಂದಿತು: ಸಂದರ್ಶನ. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇಕಡ 25ರಷ್ಟನ್ನು ಆಯ್ಕೆ ಸಮಿತಿಯವರು ಉಮೇದುವಾರನನ್ನು ಎದುರಿಗೆ ಕೂರಿಸಿಕೊಂಡು ಕೊಡುವುದು. ಸಾಮಾನ್ಯಜ್ಞಾನ, ವ್ಯಕ್ತಿತ್ವ, ಆಟಪಾಟ, ಸಮಾಜಸೇವೆ, ಚರ್ಚಾಸ್ಪರ್ಧೆ ಇತ್ಯಾದಿ. 1964ರ ಚಿತ್ರಲೇಖಾ ಮೊಕದ್ದಮೆಯಲ್ಲಿ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ದುರುಪಯೋಗವಾದೀತೆಂಬ ಭಯದಿಂದಲೇ ಒಂದು ಪದ್ಧತಿಯನ್ನು ಕೆಟ್ಟದೆನ್ನಲಾಗದು ಎಂಬುದು ಅದರ ವಾದದ ಹುರುಳು.

ನ್ಯಾಯಾಲಯದ ತೀರ್ಪಿಗೆ ತಲೆಬಾಗುವುದು ವಕೀಲನ ಧರ್ಮ. ಆದರೂ ನನ್ನ ಅಭಿಪ್ರಾಯವನ್ನು ಮುಚ್ಚಿಡಲಾರೆ. ಬೆಂಗಳೂರಿನ ಕೋಣೆಯೊಂದರಲ್ಲಿ ಇಂಗ್ಲಿಷು ಬಲ್ಲ ಹಿರಿಯರ ಮುಂದೆ ಕುಬಟೂರಿನ ರೈತನ ಮಗನು ಬೆವರುತ್ತ ಕುಳಿತರೆ, ಅವನ ವ್ಯಕ್ತಿತ್ವಕ್ಕೆ ಎಷ್ಟು ಅಂಕ ಬಿದ್ದೀತು? ಅವನ ಪಕ್ಕದಲ್ಲಿ ಕುಳಿತವನು ಅಮಲ್ದಾರರ ಮಗನಾಗಿದ್ದು ಟೆನ್ನಿಸ್ ಆಡಬಲ್ಲವನಾದರೆ? ಅಳೆಯುವವನ ಮರ್ಜಿಯೇ ಅಳತೆಗೋಲಾದಲ್ಲಿ ಬಡವನಿಗೆ ನ್ಯಾಯ ದೊರೆಯುವುದು ಆಕಸ್ಮಿಕ. ಆಮೇಲೆ ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನ ಮೊಕದ್ದಮೆಯಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯವು ಸಂದರ್ಶನಕ್ಕೆ ಮೂರರಲ್ಲೊಂದು ಪಾಲು ಅಂಕ ಕೊಡುವುದು ಸ್ವೇಚ್ಛಾಚಾರವೆಂದೂ, ಶೇಕಡ 15ನ್ನು ಮೀರಬಾರದೆಂದೂ ಹೇಳಿತು.

ಇನ್ನು ನಮ್ಮ ಊರಿಗೇ ತಾಗಿದ ಒಂದು ಸಂಗತಿ. 1970ರ ನಿಯಮಗಳು ರಾಜ್ಯದ ಸರಕಾರಿ ವೈದ್ಯಸ್ಥಾನಗಳನ್ನು ಮೈಸೂರು, ಬೆಂಗಳೂರು, ಕರ್ನಾಟಕ ಎಂಬ ಮೂರು ವಿಶ್ವವಿದ್ಯಾನಿಲಯಗಳ ಲೆಕ್ಕದಲ್ಲಿ ಹಂಚಿದವು. ಒಂದು ವಿಶ್ವವಿದ್ಯಾನಿಲಯಕ್ಕೆ ಸೇರಿದ ವೈದ್ಯಕಾಲೇಜಿನಲ್ಲಿ ನೂರಕ್ಕೆ 80ಕ್ಕೆ ಕಡಮೆಯಿಲ್ಲದಂತೆ ಅದೇ ವಿಶ್ವವಿದ್ಯಾನಿಲಯದಲ್ಲಿ ಪಿ.ಯು.ಸಿ. ಮಾಡಿದವರಿಗೆ; ಹೊರಗಿನವರಿಗೆ 20ಕ್ಕೆ ಮೀರದಂತೆ. ಚಂಚಲಾ ಮೊಕದ್ದಮೆಯಲ್ಲಿ 1971ರಲ್ಲಿ ನ್ಯಾಯಾಲಯವು ಇದನ್ನೂ ಒಪ್ಪಿತು. (ರಾಜಕೀಯ ಸಂತ್ರಸ್ತರ, ಎಂದರೆ ಸ್ವಾತಂತ್ರ್ಯ ಹೋರಾಟದಲ್ಲಿ ಕಷ್ಟಪಟ್ಟವರ, ಮಕ್ಕಳಿಗೆ ಇಟ್ಟಿದ್ದ ಮೀಸಲನ್ನೂ ಅದೇ ತೀರ್ಪು ಉಳಿಸಿಕೊಟ್ಟಿತು.) ಮೇಲ್ನೋಟಕ್ಕೆ ನಿರ್ದೋಷವಾದ ನಿಯಮ. ಆದರೆ ಆನವಟ್ಟಿಯಿಂದ ನೋಡಿರಿ. 1957ರಲ್ಲಿ ಸ್ಥಾಪಿತವಾದ ಹುಬ್ಬಳ್ಳಿಯ ವೈದ್ಯಕಾಲೇಜು ನಮಗೆ ಸಮೀಪ, ಮೈಸೂರು ಬೆಂಗಳೂರುಗಳು ದೂರ. ನಮ್ಮ ಜಿಲ್ಲೆ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದರಿಂದ ಇಲ್ಲಿಯ ಹುಡುಗನು ಹುಬ್ಬಳ್ಳಿಯಲ್ಲಿ ಹೊರಗಿನವನಾದ, ಹಾನಗಲ್ಲಿನವನು ಒಳಗಿನವನಾದ. ನಾಡು ಒಂದಾಗಿ ಹದಿನಾಲ್ಕು ವರ್ಷವಾದ ಮೇಲೆ, ವರದಾ ನದಿಯ ಆಚೀಚಿನ ಹಳೆಯ ಗಡಿಯು ವಿಶ್ವವಿದ್ಯಾನಿಲಯದ ವೇಷ ತೊಟ್ಟು ಮತ್ತೆ ಬಂದಿತ್ತು! ಶಿವಮೊಗ್ಗೆಗೆ ಸರಕಾರಿ ವೈದ್ಯಕಾಲೇಜು ಬಂದದ್ದು 2007ರಲ್ಲಿ. ಏಕೀಕರಣವಾಗಿ ಐವತ್ತೊಂದು ವರ್ಷ ಕಾದ ಮೇಲೆ.

ಆ ನಡುವಿನ ಕಾಲದಲ್ಲಿ ಬಾಗಿಲಿಗೆ ಬಂದು ಕುಳಿತವನು ಧನಲಕ್ಷ್ಮಿಯ ಕಾರಕೂನ. 1953ರಲ್ಲಿ ಡಾಕ್ಟರ್ ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕಾಲೇಜನ್ನು ಸ್ಥಾಪಿಸಿದಾಗ ಅದೊಂದು ಸಾಹಸ. ಸರಕಾರದಿಂದಾಗದ ಕೆಲಸವನ್ನು ಜನರೇ ಮಾಡಬಹುದೆಂಬ ದೃಷ್ಟಾಂತ. 1960ರ ದಶಕದಲ್ಲಿ ಬೆಳಗಾವಿ, ಕಲಬುರಗಿ, ದಾವಣಗೆರೆಗಳಲ್ಲಿ ಕಾಲೇಜುಗಳೆದ್ದವು. ಅವುಗಳಿಂದ ನಾಡಿಗಾದ ಉಪಕಾರವನ್ನು ಅಲ್ಲಗಳೆಯುವವನು ಕೃತಘ್ನ. ಆದರೆ ಬರುಬರುತ್ತ ವಿದ್ಯಾದಾನದ ಹೆಸರಿನಲ್ಲಿ ತಲೆಹಣದ ವ್ಯಾಪಾರವು ರಾಜ್ಯದಲ್ಲಿ ಎಷ್ಟು ಬೆಳೆಯಿತೆಂದರೆ, 1984ರಲ್ಲಿ ಅದನ್ನು ನಿಷೇಧಿಸಲು ಕಾಯಿದೆಯನ್ನೇ ಮಾಡಬೇಕಾಯಿತು. ಆ ಕಾಯಿದೆಯ ಕೆಳಗೆ 1989ರಲ್ಲಿ ಹೊರಟ ಪ್ರಕಟನೆಯನ್ನು ಓದಿರಿ: ಖಾಸಗಿ ಕಾಲೇಜಿನಲ್ಲಿ ಸರಕಾರಿ ಸ್ಥಾನಕ್ಕೆ ವರ್ಷಕ್ಕೆ 2,000 ರೂಪಾಯಿ, ಇತರ ಕರ್ನಾಟಕಸ್ಥರಿಗೆ 25,000, ಹೊರಗಿನವರಿಗೆ 60,000. ಮೀರತ್ತಿನ ಮೋಹಿನಿ ಜೈನ್ ಎಂಬ ಹುಡುಗಿ ತುಮಕೂರಿನ ಕಾಲೇಜಿಗೆ ಸೇರಲು ಬಂದು, ಈ ಹಣವನ್ನು ಕೊಡಲಾರದೆ ನ್ಯಾಯಾಲಯದ ಮೆಟ್ಟಿಲು ಹತ್ತಿದಳು. 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿದ್ಯೆಯು ಜೀವಿಸುವ ಹಕ್ಕಿನ ಅಂಗವೆಂದಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪಿನಲ್ಲಿ ಆ ಮಾತನ್ನು ತುಸು ಕಿರಿದುಗೊಳಿಸಿ, ಖಾಸಗಿ ಕಾಲೇಜಿನಲ್ಲಿ ಅರ್ಧ ಉಚಿತ ಸ್ಥಾನ, ಅರ್ಧ ಹಣದ ಸ್ಥಾನ, ಎರಡಕ್ಕೂ ಅರ್ಹತೆಯ ಪಟ್ಟಿಯಿಂದಲೇ ಆಯ್ಕೆ ಎಂಬ ಏರ್ಪಾಡನ್ನು ಹಾಕಿಕೊಟ್ಟಿತು.

ಇದರಿಂದ ಹುಟ್ಟಿದ್ದೇ ನಮ್ಮ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ, ಎಲ್ಲರ ಬಾಯಲ್ಲಿ ಸಿ.ಇ.ಟಿ. 1994ರಲ್ಲಿ ಆರಂಭ. ಈ ಏರ್ಪಾಡಿನ ಬಗ್ಗೆ ನನಗೆ ಗೌರವ ಉಂಟು. ಉಮೇದುವಾರನ ಶ್ರೇಯಾಂಕ ಬಹಿರಂಗ. ಯಾವ ಕಾಲೇಜಿನಲ್ಲಿ ಯಾವ ಸ್ಥಾನ ಖಾಲಿ ಎಂಬುದು ಬಹಿರಂಗ. ಶ್ರೇಯಾಂಕದ ಸರದಿಯಲ್ಲಿ ಕರೆದಾಗ ಹುಡುಗನೇ ಆರಿಸಿಕೊಳ್ಳಬೇಕಾಗಿತ್ತು. ಶಿಫಾರಸಿಗೆ ಎಡೆಯಿಲ್ಲ, ಮಂತ್ರಿಯ ಚೀಟಿಗೆ ಬೆಲೆಯಿಲ್ಲ. ಹಳ್ಳಿಯ ಎಷ್ಟೋ ಮನೆಗಳಲ್ಲಿ ಮೊದಲನೆಯ ವೈದ್ಯರು ಹುಟ್ಟಿದ್ದು ಈ ಪಟ್ಟಿಯಿಂದ. ಮುಂದೆ 2002ರಲ್ಲಿ ಹನ್ನೊಂದು ಮಂದಿ ನ್ಯಾಯಮೂರ್ತಿಗಳು ಕುಳಿತು ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಉನ್ನಿಕೃಷ್ಣನ್ ಏರ್ಪಾಡನ್ನು ಕಳಚಿಹಾಕಿದರು. ಖಾಸಗಿಯವರು ತಮ್ಮದೇ ಪರೀಕ್ಷೆಗಳನ್ನು ನಡೆಸತೊಡಗಿದರು. ಒಬ್ಬ ಹುಡುಗನು ಒಂದೇ ಬೇಸಗೆಯಲ್ಲಿ ಹಲವು ಪರೀಕ್ಷೆಗಳಿಗೆ ಹಲವು ಶುಲ್ಕ ಕಟ್ಟಿ ಊರೂರು ತಿರುಗುವಂತಾಯಿತು.

ಈಗಿರುವ ನೀಟ್ ಪರೀಕ್ಷೆಯ ಹುಟ್ಟಿಗೆ ಈ ಅವ್ಯವಸ್ಥೆಯೂ ಒಂದು ಕಾರಣ. ಆದುದರಿಂದ ಅದನ್ನು ಬರಿಯ ದಿಲ್ಲಿಯ ದಬ್ಬಾಳಿಕೆಯೆಂದು ಕರೆದು ಕೈತೊಳೆದುಕೊಳ್ಳುವುದು ಸರಿಯಲ್ಲ. 2013ರಲ್ಲಿ ಮೊದಲು ನಡೆಯಿತು. ಅದೇ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದುಮಾಡಿತು. 2016ರಲ್ಲಿ ಆ ತೀರ್ಪನ್ನು ತಾನೇ ಹಿಂತೆಗೆದುಕೊಂಡಿತು. 2017ರಿಂದ ನಮ್ಮ ಸಿ.ಇ.ಟಿ.ಯ ಅಂಕ ವೈದ್ಯಸ್ಥಾನಕ್ಕೆ ಉಪಯೋಗವಿಲ್ಲ. ಒಟ್ಟು 720 ಅಂಕ; ಸರಿಯುತ್ತರಕ್ಕೆ 4, ತಪ್ಪಿಗೆ 1 ಕಡಿತ; ಅರ್ಧ ಪಾಲು ಜೀವಶಾಸ್ತ್ರ, ಉಳಿದರ್ಧ ಭೌತ ಮತ್ತು ರಸಾಯನಶಾಸ್ತ್ರ. ಸರಕಾರಿ ಕಾಲೇಜಿನ ನೂರರಲ್ಲಿ 15 ಸ್ಥಾನ ಅಖಿಲ ಭಾರತದ ಪಟ್ಟಿಗೆ, 85 ರಾಜ್ಯದ ಪಟ್ಟಿಗೆ. 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಜನ ಬರೆದರು, ಎಂ.ಬಿ.ಬಿ.ಎಸ್. ಸ್ಥಾನಗಳು ಒಂದು ಲಕ್ಷಕ್ಕೆ ತುಸು ಮೇಲೆ. ಅದೇ ವರ್ಷ ಪ್ರಶ್ನಪತ್ರಿಕೆ ಹಜಾರಿಬಾಗ್ ಮತ್ತು ಪಾಟ್ನಾಗಳಲ್ಲಿ ಸೋರಿತು. 1,563 ಮಂದಿಗೆ ಕೊಟ್ಟಿದ್ದ ಕೃಪಾಂಕಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಪರೀಕ್ಷೆಯನ್ನೇ ರದ್ದುಮಾಡಲು ನ್ಯಾಯಾಲಯ ಒಪ್ಪಲಿಲ್ಲ. ಕರ್ನಾಟಕದ ಶಾಸನಸಭೆ ಆ ಜುಲೈಯಲ್ಲಿ ನೀಟ್ ಬೇಡವೆಂದು ನಿರ್ಣಯ ಮಾಡಿತು.

ಸೋರಿಕೆ ಕಳ್ಳತನ, ಕಳ್ಳನನ್ನು ಹಿಡಿಯಬಹುದು. ನನಗೆ ಹೆಚ್ಚು ಚಿಂತೆಯಿರುವುದು ಕಾನೂನಿಗೆ ಸರಿಯಾಗಿಯೇ ನಡೆಯುವ ಒಂದು ಸಂಗತಿಯ ಬಗ್ಗೆ. ಸಾಮಾನ್ಯ ವರ್ಗದವರು ಪರೀಕ್ಷೆ ಬರೆದವರಲ್ಲಿ ಮೇಲಿನ ಅರ್ಧದಲ್ಲಿದ್ದರೆ ಅರ್ಹರು. 2024ರಲ್ಲಿ ಆ ಗೆರೆ 720ಕ್ಕೆ 162. ಈಗ ಇಬ್ಬರನ್ನು ಊಹಿಸಿರಿ. ಒಬ್ಬಳು 550 ಪಡೆದಳು. ಸರಕಾರಿ ಸ್ಥಾನ ಕೂದಲೆಳೆಯಲ್ಲಿ ತಪ್ಪಿತು. ತಂದೆಗೆ ಎರಡೆಕರೆ ಗದ್ದೆ. ಇನ್ನೊಬ್ಬನು 200 ಪಡೆದ, ತಂದೆ ಸಾಹುಕಾರ. ಆಡಳಿತ ಮಂಡಲಿಯ ಸ್ಥಾನಕ್ಕೋ ಅನಿವಾಸಿಗಳ ಸ್ಥಾನಕ್ಕೋ ವಿಶ್ವವಿದ್ಯಾನಿಲಯವೆಂದು ಪರಿಗಣಿತವಾದ ಸಂಸ್ಥೆಗೋ ಮೊದಲು ಕರೆಯುವುದು ಅವಳನ್ನೇ, ನಿಜ. ಆದರೆ ಶುಲ್ಕದ ಮೊತ್ತ ಕೇಳಿ ಅವಳು ಎದ್ದು ಹೊರಗೆ ಬರುತ್ತಾಳೆ. ಅವಳಂತೆ ಸಾವಿರಾರು ಮಂದಿ ಎದ್ದು ಬಂದ ಮೇಲೆ ಸರದಿ ಅವನಿಗೆ ಮುಟ್ಟುವುದು. ಕಾಗದದ ಮೇಲೆ ಎಲ್ಲವೂ ಅರ್ಹತೆಯ ಪಟ್ಟಿಯಂತೆಯೇ ನಡೆಯಿತು! ತಲೆಹಣವು ಹಿತ್ತಿಲ ಬಾಗಿಲಿಂದ ಹೊರಟು ಶುಲ್ಕವೆಂಬ ಹೆಸರಿನಲ್ಲಿ ಮುಂಬಾಗಿಲಿಂದ ಬಂದಂತಾಯಿತು. ನಮ್ಮ ನೆರೆಯ ಹಾವೇರಿ ಜಿಲ್ಲೆಯ ಹುಡುಗನೊಬ್ಬ ವೈದ್ಯವಿದ್ಯೆಗಾಗಿ ಯುಕ್ರೇನಿಗೆ ಹೋಗಿ, 2022ರಲ್ಲಿ ಅಲ್ಲಿಯ ಯುದ್ಧದಲ್ಲಿ ಮಡಿದುದನ್ನು ನಾವು ಮರೆತಿಲ್ಲ. ಇಲ್ಲಿಯ ಶುಲ್ಕವನ್ನು ತೆರಲಾರದೆ ಅಷ್ಟು ದೂರ ಮಕ್ಕಳನ್ನು ಕಳಿಸುವ ಮನೆಗಳು ಒಂದೆರಡಲ್ಲ.

ಭಾಷೆಯ ಮಾತು. 2017ರಿಂದ ನೀಟನ್ನು ಕನ್ನಡದಲ್ಲಿಯೂ ಬರೆಯಬಹುದು. ಸಂತೋಷಪಡಬೇಕಾದ ಸಂಗತಿ, ಆದರೆ 2019, 2020ರಲ್ಲಿ ಇಡೀ ದೇಶದಲ್ಲಿ 13 ಲಕ್ಷಕ್ಕೂ ಮಿಕ್ಕಿ ಜನ ಬರೆದಾಗ ಕನ್ನಡವನ್ನು ಆರಿಸಿಕೊಂಡವರು ಸಾವಿರದ ಆಸುಪಾಸು. ಕಾರಣ ಗುಟ್ಟಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಗುವನ್ನು ಪಿ.ಯು.ಸಿ. ವಿಜ್ಞಾನದಲ್ಲಿ ಇಂಗ್ಲಿಷಿನ ಮಡುವಿಗೆ ದೂಡುತ್ತೇವೆ. ಎರಡು ವರ್ಷ ಅದು ಈಜು ಕಲಿಯುವುದರಲ್ಲಿಯೇ ಕಳೆಯುವುದು. ಆಮೇಲೆ ಕನ್ನಡದ ಪ್ರಶ್ನಪತ್ರಿಕೆ ಕೈಗೆ ಬಂದರೆ ಅದರ ಪರಿಭಾಷೆ ಹೊಸದು. ಮೂಲಕ್ಕೂ ಅನುವಾದಕ್ಕೂ ಭೇದ ಬಂದರೆ ಇಂಗ್ಲಿಷೇ ಪ್ರಮಾಣವೆಂಬ ನಿಯಮ ಬೇರೆ. ಜೀವಶಾಸ್ತ್ರದ ಒಂದು ಒಳ್ಳೆಯ ಕನ್ನಡ ಪಠ್ಯಪುಸ್ತಕ, ಪಿ.ಯು.ಸಿ. ಮಟ್ಟಕ್ಕೆ, ಪ್ರತಿ ಕಾಲೇಜಿನ ಪುಸ್ತಕಭಂಡಾರದಲ್ಲಿರಬೇಕೆಂದು ಕೇಳುವುದು ದುರಾಶೆಯೇ?

ನೆರೆಯ ತಮಿಳುನಾಡು ನೀಟನ್ನು ವಿರೋಧಿಸುತ್ತಲೇ, 2020ರಲ್ಲಿ ಒಂದು ಕಾಯಿದೆ ಮಾಡಿ ಸರಕಾರಿ ಶಾಲೆಯಲ್ಲಿ ಓದಿದವರಿಗೆ ವೈದ್ಯಸ್ಥಾನಗಳಲ್ಲಿ ಶೇಕಡ 7.5 ಮೀಸಲಿಟ್ಟಿತು. ಉಚ್ಚ ನ್ಯಾಯಾಲಯವೂ ಅದನ್ನು ಒಪ್ಪಿತು. ಕೋಟಾಕ್ಕೋ ಮಂಗಳೂರಿಗೋ ತರಬೇತಿಗೆ ಹೋದವನೊಡನೆ ಹೋಗಲಾರದವನನ್ನು ಒಂದೇ ಗೆರೆಯಲ್ಲಿ ನಿಲ್ಲಿಸಿ ಓಡಿಸುವುದು ಸಮತೆಯಲ್ಲವೆಂದು ಅವರು ಕಂಡುಕೊಂಡರು. ನಿರ್ಣಯ ಮಾಡುವುದು ಸುಲಭ, ದಿಲ್ಲಿ ಒಪ್ಪದಿದ್ದರೆ ಅದು ಕಡತದಲ್ಲಿ ಮಲಗುವುದು. ಈ ಬಗೆಯ ಮೀಸಲನ್ನು ನಮ್ಮ ವಿಧಾನಸೌಧವೂ ಮಾಡಬಹುದು. ನಮ್ಮ ಶಾಸಕರನ್ನು ನಾವು ಕೇಳಬೇಕಾದದ್ದು ಇದನ್ನು. ವೈದ್ಯರಾದವರು ಒಂದು ವರ್ಷ ಹಳ್ಳಿಯಲ್ಲಿ ಸೇವೆ ಮಾಡಬೇಕೆಂದು 2012ರಲ್ಲಿ ಕಾಯಿದೆ ಮಾಡಿದ್ದರು. ಆಮೇಲೆ ಅದನ್ನು ಸಡಿಲಿಸಿದ್ದೂ ಆಯಿತು. ಹಳ್ಳಿಗೆ ಬರಲೊಲ್ಲದವನನ್ನು ಕಟ್ಟಿಹಾಕಿ ತರುವುದಕ್ಕಿಂತ ಹಳ್ಳಿಯಲ್ಲಿ ಹುಟ್ಟಿದವನನ್ನು ವೈದ್ಯನನ್ನಾಗಿ ಮಾಡುವುದು ಮೇಲೆಂದು ನನಗೆ ತೋರುವುದು.

ಕಡೆಯದಾಗಿ ಉಪಾಧ್ಯಾಯ ಮಿತ್ರರಲ್ಲಿ ಒಂದು ಅರಿಕೆ. ಇಷ್ಟು ದೂರ ಬಂದದ್ದು ಮುಖ್ಯವಾಗಿ ಇದಕ್ಕಾಗಿಯೇ. ರಾಜ್ಯದ ಪಟ್ಟಿಯಲ್ಲಿ ಪ್ರತಿ ವರ್ಗದೊಳಗೂ ಗ್ರಾಮೀಣರಿಗೆ ಶೇಕಡ 15, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಸ್ಥಾನಗಳುಂಟು. ಗ್ರಾಮೀಣವೆಂದರೆ ಹತ್ತು ವರ್ಷವೂ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳ ಎಲ್ಲೆಯ ಹೊರಗಿನ ಶಾಲೆಯಲ್ಲಿ ಓದಿರಬೇಕು. ಒಂದೇ ವರ್ಷ ತಪ್ಪಿದರೂ ಹಕ್ಕು ಹೋಯಿತು. ಎಂಟನೆಯ ತರಗತಿಗೆ ಮಗುವನ್ನು ಶಿವಮೊಗ್ಗೆಗೆ ಸೇರಿಸುವ ತಂದೆತಾಯಿಗಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಊರು ಬೆಳೆದು ಪಟ್ಟಣ ಪಂಚಾಯಿತಿಯಾದರೆ ಅಲ್ಲಿಯ ಶಾಲೆಯ ಲೆಕ್ಕವೂ ಬದಲಾಗುವುದೆಂಬುದು ಎಷ್ಟು ಮಂದಿಗೆ ಗೊತ್ತು? ಈ ಹಕ್ಕಿಗೆ ಆಧಾರ ಶಾಲೆಯ ದಾಖಲೆ, ಮುಖ್ಯೋಪಾಧ್ಯಾಯರ ಪ್ರಮಾಣಪತ್ರ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು. ದಾಖಲೆಗಳು ಈಗ ಕಂಪ್ಯೂಟರಿಗೆ ಏರಿವೆ; ಆದರೆ ಏರಿಸಿದ್ದು ಶಾಲೆಯ ಪುಸ್ತಕದಿಂದಲೇ.

ಕೆಲವು ವರ್ಷಗಳ ಹಿಂದೆ ಒಬ್ಬ ರೈತನು ನನ್ನ ಕಚೇರಿಗೆ ಬಂದಿದ್ದ. ಮಗಳು ಎರಡು ಶಾಲೆಗಳಲ್ಲಿ ಓದಿದವಳು. ಒಂದರ ಪ್ರಮಾಣಪತ್ರದಲ್ಲಿ ಮೇಲುರುಜು ಇಲ್ಲ. ಇನ್ನೊಂದರಲ್ಲಿ ಮಾಧ್ಯಮದ ಅಂಕಣವೇ ಖಾಲಿ. ದಾಖಲೆ ಪರಿಶೀಲನೆಯ ದಿನ ಮುಗಿದುಹೋಗಿತ್ತು. ಏನಾದರೂ ಮಾಡಿರಿ ಸ್ವಾಮಿ ಎಂದು ಕೈಮುಗಿದು ನಿಂತ. ಕಾಗದಗಳನ್ನು ತಿರುವಿ ಹಾಕಿದೆ, ನಿಯಮಗಳನ್ನು ಓದಿದೆ. ಕೊನೆಯ ದಿನಾಂಕದ ವಿಷಯದಲ್ಲಿ ನ್ಯಾಯಾಲಯಗಳು ಎಷ್ಟು ಬಿಗಿಯೆಂಬುದನ್ನು ಬಲ್ಲವನಾದ್ದರಿಂದ, ಮೊಕದ್ದಮೆ ಹೂಡಿ ಗೆದ್ದುಕೊಡುತ್ತೇನೆಂದು ಹೇಳಲಾರದೆ ಹೋದೆ. ಆ ಹುಡುಗಿ ಶ್ರೇಯಾಂಕದಲ್ಲಿ ಗ್ರಾಮೀಣರ ಸಾಲಿನಲ್ಲಿ ಸಲ್ಲಬೇಕಾದವಳು. ಸಾಮಾನ್ಯರ ಸಾಲಿನಲ್ಲಿ ನಿಂತು ಹೊರಗುಳಿದಳು.

ಆದುದರಿಂದ ಏಳನೆಯ ಮತ್ತು ಹತ್ತನೆಯ ತರಗತಿಯ ಕೊನೆಯಲ್ಲಿ ಪ್ರತಿ ಮಗುವಿನ ಮಾಧ್ಯಮ, ಊರು, ಓದಿದ ವರ್ಷಗಳು, ಹೆಸರಿನ ಅಕ್ಷರ ಇವನ್ನು ದಾಖಲೆಪುಸ್ತಕದೊಡನೆ ಒಮ್ಮೆ ತಾಳೆ ನೋಡಿರಿ. ಪ್ರಮಾಣಪತ್ರವನ್ನು ಕೇಳುವ ಮುಂಚೆಯೇ ಬರೆದು, ರುಜು ಮಾಡಿಸಿ, ಮನೆಗೆ ಕಳಿಸಿರಿ. ಕಾಸರಗೋಡು, ಜತ್ತ, ಅಕ್ಕಲಕೋಟೆ, ಮಡಕಶಿರಗಳ ಕಡೆಯ ಬಂಧುಗಳು ತಮಗಿದ್ದರೆ, ಗಡಿನಾಡ ಕನ್ನಡ ಮಕ್ಕಳಿಗೂ ಕನ್ನಡ ಭಾಷಾಪರೀಕ್ಷೆಯಲ್ಲಿ ತೇರ್ಗಡೆಯಾದರೆ ನಮ್ಮ ಪಟ್ಟಿಯಲ್ಲಿ ಎಡೆಯುಂಟೆಂದು ಅವರಿಗೆ ಒಂದು ಕಾಗದ ಬರೆಯಿರಿ. ನಿಯಮಗಳ ಒಂದು ಪ್ರತಿಯನ್ನು ತಂದಿದ್ದೇನೆ. ಸಭೆ ಮುಗಿದ ಮೇಲೆ ಅಧ್ಯಕ್ಷರ ಬಳಿ ಇಟ್ಟು ಹೋಗುವೆನು. ಬೇಕಾದವರು ನೋಡಿಕೊಳ್ಳಬಹುದು.